ಐದೂವರೆ ವರ್ಷ ಗ್ಯಾಪ್ ಆದ್ಮೇಲೆ ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ: ಒಂದು ಇಂಟರ್‌ವ್ಯೂ ತಯಾರಿಯ ಪೂರ್ತಿ ವಿವರ

ಮದುವೆ, ಮಗು, ಮನೆ ಅಂತ ಕೆಲಸ ಬಿಟ್ಟು ಈಗ ವಾಪಸ್ ಹೋಗ್ಬೇಕು ಅನ್ನೋ ಬಿಕಾಂ ಹೆಣ್ಮಕ್ಳು ನನ್ನ ಹತ್ರ ಬಂದು ಕೇಳೋದು ಹೆಚ್ಚುಕಮ್ಮಿ ಒಂದೇ ಮಾತು, ಅಕ್ಕ ಕಾನ್ಫಿಡೆನ್ಸೇ ಬರ್ತಿಲ್ಲ ಏನ್ ಮಾಡ್ಲಿ ಅಂತ. ನಾನು ಪೀಣ್ಯದ ಫ್ಯಾಕ್ಟರಿಗಳ ಅಕೌಂಟ್ಸ್‌ನಲ್ಲೇ ವರ್ಷಗಟ್ಲೆ ಕೂತವಳು, ಇಂಟರ್‌ವ್ಯೂ ಕೊಟ್ಟಿದೀನಿ, ಟೇಬಲ್‌ನ ಆ ಕಡೆ ಕೂತು ತಗೊಂಡೂ ಇದೀನಿ. ಈ ಒಂದು ಕೇಸನ್ನ ಶುರುವಿಂದ ಬರೀತಿದೀನಿ, ಯಾಕಂದ್ರೆ ಧೈರ್ಯ ಎಲ್ಲಿಂದ ಬರುತ್ತೆ ಅನ್ನೋದು ಇದ್ರಲ್ಲಿ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ಸಿದೆ. ಅವಳ ಒಪ್ಪಿಗೆ ತಗೊಂಡೇ ಬರೀತಿರೋದು, ಹೆಸರು ಹಾಕಲ್ಲ.

ಅವಳು ತುಮಕೂರು ಕಡೆಯವಳು. 2016ರಲ್ಲಿ ಬಿಕಾಂ ಮುಗ್ಸಿ ಅಲ್ಲೇ ಒಬ್ರು ಆಡಿಟರ್ ಆಫೀಸಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ್ಲು. 2018ರ ಕೊನೇಲಿ ಮದುವೆ ಆಗಿ ಬಾಗಲಗುಂಟೆಗೆ ಬಂದ್ಲು, ಗಂಡ ದಾಸರಹಳ್ಳಿ ಹತ್ರ ಸಿಎನ್‌ಸಿ ಮೆಷಿನ್ ಆಪರೇಟರ್, ಶಿಫ್ಟ್ ಡ್ಯೂಟಿ. ಮಗ ಹುಟ್ಟಿದ, ಅದರ ಹಿಂದೇನೇ ಕೋವಿಡ್, ಆಮೇಲೆ ಅತ್ತೆಗೆ ಹುಷಾರಿಲ್ದೆ ಆಯ್ತು, ಇವತ್ತು ನಾಳೆ ಅಂತ ಅಂದ್ಕೊಂಡೇ ಐದೂವರೆ ವರ್ಷ ಕಳೀತು. 2024ರ ಜೂನಲ್ಲಿ ಮಗ ಎಲ್‌ಕೆಜಿಗೆ ಸೇರಿದ, ಅತ್ತೇನೂ ಸುಧಾರಿಸ್ಕೊಂಡಿದ್ರು, ಮಧ್ಯಾಹ್ನ ಮಗೂನ ನಾನು ನೋಡ್ಕೊತೀನಿ ನೀನು ಹೋಗು ಅಂತ ಅವರೇ ಹೇಳಿದ್ರಂತೆ. ಇಂಥಾ ಅತ್ತೆ ಎಲ್ಲರಿಗೂ ಸಿಗಲ್ಲ, ಇದನ್ನ ನಾನು ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮಗೂನ ನೋಡ್ಕೊಳೋಕೆ ಜನ ಇಲ್ದಿದ್ರೆ ಮುಂದೆ ಬರೆಯೋ ಯಾವ ತಯಾರೀನೂ ನಡೀತಿರ್ಲಿಲ್ಲ.

ನನ್ನ ಹತ್ರ ಬರೋಕೆ ಮುಂಚೇನೇ ಒಂದು ಇಂಟರ್‌ವ್ಯೂ ಆಗಿತ್ತು, ಯಶವಂತಪುರದ ಕಡೆ ಒಂದು ದೊಡ್ಡ ಆಫೀಸು. ಯೂಟ್ಯೂಬ್ ನೋಡಿ ಇಂಗ್ಲಿಷಲ್ಲಿ ಒಂದು ಪ್ಯಾರಾ ಬಾಯಿಪಾಠ ಮಾಡ್ಕೊಂಡು ಹೋಗಿದ್ಲು, ನಾನು ಹಾರ್ಡ್ ವರ್ಕಿಂಗು, ಟೀಂ ಪ್ಲೇಯರು, ಕ್ವಿಕ್ ಲರ್ನರು ಅನ್ನೋ ಥರದ್ದು. ಎರಡನೇ ವಾಕ್ಯಕ್ಕೇ ಮರ್ತೋಯ್ತು. ಆಮೇಲೆ ಅವರು ಗ್ಯಾಪ್ ಯಾಕೆ ಅಂತ ಕೇಳಿದ್ರು, ಇವಳು ಮದುವೆಯಿಂದ ಶುರು ಮಾಡಿ ಅತ್ತೆ ಆಸ್ಪತ್ರೆ ತನಕ ಎಲ್ಲಾ ಹೇಳಿದ್ಲು, ಮಧ್ಯದಲ್ಲಿ ಸಾರಿ ಸರ್ ಸಾರಿ ಸರ್ ಅಂತ ಬೇರೆ. ಇನ್ನೊಂದು ಮಗು ಪ್ಲಾನ್ ಇದ್ಯಾ ಅಂತಾನೂ ಕೇಳಿದ್ರಂತೆ. ಅದು ಕೇಳಬಾರದ ಪ್ರಶ್ನೆ, ಗಂಡಸರನ್ನ ಯಾರೂ ಕೇಳಲ್ಲ, ನನಗೆ ಈಗ್ಲೂ ಕೋಪ ಬರುತ್ತೆ. ಆದ್ರೆ ಕೇಳೋರು ಇದಾರೆ ಅನ್ನೋದು ನಿಜ, ಅದಕ್ಕೆ ಒಂದು ಉತ್ತರ ಕೈಯಲ್ಲಿ ಇರ್ಬೇಕು.

ಅದಾದ್ಮೇಲೆ ಒಂದು ಕನ್ಸಲ್ಟೆನ್ಸಿ ಫೋನು, ಮೇಡಂ ನಿಮ್ಮ ರೆಸ್ಯೂಮ್ ಸೆಲೆಕ್ಟ್ ಆಗಿದೆ, ರಿಜಿಸ್ಟ್ರೇಷನ್ ಫೀ ಕಟ್ಟಿ, ಟ್ರೇನಿಂಗ್ ಕಿಟ್ ಕಳಿಸ್ತೀವಿ, ಸೇರಿದ್ಮೇಲೆ ರಿಫಂಡ್ ಅಂತ. ಮನಸ್ಸು ಕುಗ್ಗಿರೋವಾಗ್ಲೇ ಇಂಥ ಫೋನ್‌ಗಳು ಬಲೆ ಬೀಸೋದು. ಗಂಡನ ಗೂಗಲ್ ಪೇಯಿಂದ ಕಳಿಸೋಕೆ ಕೂತಿದ್ಲು, ಅಷ್ಟರಲ್ಲಿ ನನಗೆ ಫೋನ್ ಮಾಡಿದ್ಲು ಪುಣ್ಯಕ್ಕೆ. ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳಲ್ಲ. ಕೇಳಿದ್ರು ಅಂದ್ರೆ ಫೋನ್ ಇಟ್ಬಿಡಿ, ಇದ್ರಲ್ಲಿ ಎರಡು ಮಾತಿಲ್ಲ.

ಸರಿ, ಒಂದು ಭಾನುವಾರ ಮನೆಗೆ ಬಂದ್ಲು. ರೆಸ್ಯೂಮ್ ನೋಡ್ದೆ, ಎರಡು ಪೇಜು. ಮೇಲೆ ಒಂದು ಕೆರಿಯರ್ ಅಬ್ಜೆಕ್ಟಿವ್, ಕೆಳಗೆ ತಂದೆ ಹೆಸರು, ಹುಟ್ಟಿದ ದಿನ, ಹಾಬೀಸು, ಡಿಕ್ಲರೇಷನ್ನು. ಕೆಲಸ ಮಾಡಿದ್ದ ಎರಡೂವರೆ ವರ್ಷಕ್ಕೆ ಒಂದೇ ಲೈನು, ಅಕೌಂಟ್ಸ್ ಅಸಿಸ್ಟೆಂಟ್ ಅಂತ. ನಾನು ಕೇಳ್ದೆ, ಆಡಿಟರ್ ಆಫೀಸಲ್ಲಿ ಬೆಳಿಗ್ಗೆ ಹೋಗಿ ಸಾಯಂಕಾಲದ ತನಕ ಏನ್ ಮಾಡ್ತಿದ್ದೆ ಹೇಳು ಅಂತ. ಏನಿಲ್ಲ ಅಕ್ಕ, ಎಂಟ್ರಿ ಹೊಡೀತಿದ್ದೆ ಅಷ್ಟೇ ಅಂದ್ಲು. ಏನ್ ಎಂಟ್ರಿ? ಅದಾದ್ಮೇಲೆ ಒಂದೊಂದೇ ಹೊರಗೆ ಬಂತು ನೋಡಿ. ತಿಂಗಳಿಗೆ ವ್ಯಾಟ್ 100, ಅಂದ್ರೆ ಆಗಿನ ಮಾರಾಟ ತೆರಿಗೆಯ ರಿಟರ್ನ್, ಫೈಲ್ ಮಾಡ್ತಿದ್ಲು, ಮಾಲು ಕಳಿಸೋಕೆ ಇ-ಸುಗಮ ಅನ್ನೋ ಆನ್‌ಲೈನ್ ಪರ್ಮಿಟ್ ತೆಗೀತಿದ್ಲು. 2017 ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆಗ ಅವರ ಆಫೀಸಿನ ಕ್ಲೈಂಟ್‌ಗಳ ಹಳೇ ವ್ಯಾಟ್ ರಿಜಿಸ್ಟ್ರೇಷನ್ನಿನ ಟಿನ್ ನಂಬರ್‌ಗಳನ್ನೆಲ್ಲಾ ಜಿಎಸ್‌ಟಿಗೆ ಮೈಗ್ರೇಟ್ ಮಾಡೋದ್ರಲ್ಲಿ ಇವಳಿದ್ಲು, ಹಳೇ ಸ್ಟಾಕ್ ಮೇಲೆ ಕಟ್ಟಿದ್ದ ತೆರಿಗೆಯ ಕ್ರೆಡಿಟ್ ತರೋಕೆ ಟ್ರಾನ್-1 ಫಾರ್ಮ್ ಹಾಕಿದ್ದಾಳೆ, ಪೋರ್ಟಲ್ ಹ್ಯಾಂಗ್ ಆಗಿ ರಾತ್ರಿ ತನಕ ಕೂತಿದ್ದಾಳೆ. 2018 ಏಪ್ರಿಲ್ 1ರಿಂದ ಮಾಲು ಸಾಗಿಸೋಕೆ ಇ-ವೇ ಬಿಲ್ ಬಂತು, ರಾಜ್ಯದ ಒಳಗಿನ ಸಾಗಾಟಕ್ಕೂ ಅವತ್ತಿಂದಲೇ ಶುರು ಮಾಡಿದ್ದು ನಮ್ಮ ಕರ್ನಾಟಕ, ಅದನ್ನೂ ಇವಳೇ ತೆಗೀತಿದ್ಲು. ಒಂದು ತೆರಿಗೆ ಪದ್ಧತಿ ಮುಗಿದು ಇನ್ನೊಂದು ಶುರುವಾದ ಟೈಮಲ್ಲಿ ಟೇಬಲ್ ಮುಂದೆ ಕೂತಿದ್ದವಳು, ಅಷ್ಟೇ ಅಂತಾಳೆ! ಇವತ್ತು ಬರೋ ಫ್ರೆಶರ್‌ಗಳಲ್ಲಿ ಯಾರಿಗಿದೆ ಈ ಅನುಭವ?

ಆಮೇಲೆ ಗ್ಯಾಪಲ್ಲಿ ಏನ್ ಮಾಡ್ತಿದ್ದೆ ಅಂದೆ. ಏನೂ ಇಲ್ಲ ಅಂದ್ಲು ಮತ್ತೆ. ಹೊರಡೋಕೆ ಎದ್ದಾಗ ಲೇಟಾಯ್ತು ಅಕ್ಕ, ಸಂಘದ ಮೀಟಿಂಗ್ ಇದೆ, ಪುಸ್ತಕ ನನ್ನ ಹತ್ರಾನೇ ಇದೆ ಅಂದ್ಲು. ಯಾವ ಪುಸ್ತಕ? ಅವರ ಬೀದಿಯ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಪೂರ್ತಿ ಇವಳೇ ಬರೆಯೋದು, ವಾರದ ಉಳಿತಾಯ, ಒಳಗಿನ ಸಾಲ, ಬಡ್ಡಿ, ಬ್ಯಾಂಕ್ ಸಾಲದ ಕಂತು, ನಡಾವಳಿ ಪುಸ್ತಕ ಎಲ್ಲಾ. ಕೂತ್ಕೊ ಅಂತ ವಾಪಸ್ ಕೂರಿಸ್ದೆ.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. ಅವಳಿಗೆ ಕಾನ್ಫಿಡೆನ್ಸ್ ಕ್ಲಾಸು, ಕನ್ನಡಿ ಮುಂದೆ ನಿಂತು ನನ್ನಿಂದ ಆಗುತ್ತೆ ಅಂತ ಹೇಳ್ಕೊಳೋದು, ಕೈಕುಲುಕೋದು ಹೆಂಗೆ, ಇದ್ಯಾವುದೂ ಬೇಕಿರ್ಲಿಲ್ಲ. ಗೊತ್ತಿರೋ ಕೆಲಸವನ್ನ ಅವಳು ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಮತ್ತೆ ತಾನಿಲ್ದಾಗ ಏನೇನು ಬದಲಾಯ್ತು ಅಂತ ಗೊತ್ತಿಲ್ಲದೇ ಎಲ್ಲಾನೂ ಬದಲಾಗ್ಬಿಟ್ಟಿದೆ ಅನ್ನೋ ಭಯ ಇಟ್ಕೊಂಡಿದ್ಲು. ಭಯಕ್ಕೆ ಮದ್ದು ಅಂದ್ರೆ ಬದಲಾದದ್ದರ ಪಟ್ಟಿ, ಅಷ್ಟೇ. ಕೂತು ಬರೆದ್ರೆ ಅದು ಅರ್ಧ ಪೇಜೂ ದಾಟ್ಲಿಲ್ಲ.

ಲೆಕ್ಕ ಇಡೋ ಸಾಫ್ಟ್‌ವೇರ್ ಟ್ಯಾಲಿ ಇಆರ್‌ಪಿ 9 ಹೋಗಿ 2020ರ ಕೊನೇಲಿ ಟ್ಯಾಲಿ ಪ್ರೈಮ್ ಬಂದಿತ್ತು, ಮೆನು ಬೇರೆ, ಲೆಕ್ಕ ಅದೇ. ಅದೇ 2020ರಲ್ಲಿ ಜಿಎಸ್‌ಟಿಆರ್-2ಬಿ ಬಂತು, ಸಪ್ಲೈಯರ್‌ಗಳು ಹಾಕಿರೋ ಬಿಲ್‌ಗಳ ಪಟ್ಟಿ ಮುಂದಿನ ತಿಂಗಳು 14ಕ್ಕೆ ಸಿಗುತ್ತೆ, 2022ರಿಂದ ಅದ್ರಲ್ಲಿ ಬಂದಿರೋ ಬಿಲ್‌ಗೆ ಮಾತ್ರ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನ ನಾವು ಕಟ್ಟಬೇಕಾದ್ರಲ್ಲಿ ಕಳ್ಕೊಳೋದು. 2021ರಿಂದ ಸಣ್ಣ ವ್ಯಾಪಾರದೋರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಕ್ಯೂಆರ್‌ಎಂಪಿ ಸ್ಕೀಮು, ಮೊದಲೆರಡು ತಿಂಗಳ ಬಿಲ್‌ಗಳನ್ನ ಬೇಕಾದ್ರೆ ಐಎಫ್‌ಎಫ್ ಅನ್ನೋದ್ರಲ್ಲಿ ಹಾಕ್ಬಹುದು. ಇ-ಇನ್‌ವಾಯ್ಸ್, ಅಂದ್ರೆ ಬಿಲ್‌ನ ಸರ್ಕಾರದ ಪೋರ್ಟಲಲ್ಲಿ ರಿಜಿಸ್ಟರ್ ಮಾಡೋದು, 500 ಕೋಟಿ ಟರ್ನೋವರ್‌ನಿಂದ ಶುರುವಾಗಿ ಇಳೀತಾ ಇಳೀತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು, ಪೀಣ್ಯದ ಎಷ್ಟೋ ಯೂನಿಟ್‌ಗಳು ಅಲ್ಲೇ ಅದರೊಳಗೆ ಬಂದಿದ್ದು. ಕೊನೇದು 45 ದಿನದ ರೂಲು, ಮೈಕ್ರೋ ಮತ್ತು ಸ್ಮಾಲ್ ಸಪ್ಲೈಯರ್‌ಗೆ ಅಗ್ರಿಮೆಂಟ್ ಇದ್ರೆ ಹೆಚ್ಚೆಂದ್ರೆ 45 ದಿನ, ಇಲ್ದಿದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು, ವರ್ಷ ಮುಗಿದ್ರೂ ಬಾಕಿ ಉಳಿಸ್ಕೊಂಡ್ರೆ ಆ ಖರ್ಚು ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಸಿಗಲ್ಲ, ಕೊಟ್ಟ ವರ್ಷಾನೇ ಸಿಗೋದು. ಇದು 2024ರ ಏಪ್ರಿಲ್‌ನಿಂದ ಪ್ರತಿ ಫ್ಯಾಕ್ಟರಿ ಓನರ್‌ನ ನಿದ್ದೆ ಕೆಡಿಸಿತ್ತು, ಹಾಗಾಗಿ ಇಂಟರ್‌ವ್ಯೂಲಿ ಬರೋದು ಗ್ಯಾರಂಟಿ ಅಂತ ನಾನು ಮೊದಲೇ ಹೇಳಿದ್ದೆ.

ಟ್ಯಾಲಿ ಪ್ರೈಮ್ ಕಲಿಯೋಕೆ ಕ್ಲಾಸಿಗೆ ದುಡ್ಡು ಹಾಕ್ಬೇಡ ಅಂದೆ. ಎಜುಕೇಷನಲ್ ಮೋಡಲ್ಲಿ ಫ್ರೀಯಾಗಿ ಹಾಕ್ಕೋಬಹುದು, ತಿಂಗಳ 1, 2 ಮತ್ತೆ 31 ಈ ತಾರೀಖಿಗೆ ಮಾತ್ರ ಎಂಟ್ರಿ ತಗೊಳುತ್ತೆ, ಪ್ರಾಕ್ಟೀಸ್‌ಗೆ ಅಷ್ಟು ಸಾಕು. ಗಂಡನ ತಮ್ಮನ ಹಳೇ ಲ್ಯಾಪ್‌ಟಾಪು, ಮಗ ಮಲಗಿದ್ಮೇಲೆ ಕೂರೋಳು. ಮನೆಯದ್ದೇ ಒಂದು ಕಂಪನಿ ಕ್ರಿಯೇಟ್ ಮಾಡಿ ಪರ್ಚೇಸು, ಸೇಲ್ಸು, ಜಾಬ್ ವರ್ಕ್‌ಗೆ ಕಳಿಸೋ ಚಲನ್ನು, ಟಿಡಿಎಸ್ಸು, ಸಂಬಳ ಎಲ್ಲಾ ಹಾಕಿದ್ಲು. ಬೆರಳಿಗೆ ಹಳೇ ರೂಢಿ ವಾಪಸ್ ಬಂದ ದಿನ ಅವಳ ಫೋನ್ ದನೀನೇ ಬೇರೆ ಇತ್ತು, ಅಕ್ಕ ಎಫ್8 ಈಗ್ಲೂ ಸೇಲ್ಸೇ ಕಣಕ್ಕ ಅಂತ.

ಇಂಗ್ಲಿಷ್ ವಿಷ್ಯ. ಬಾಯಿಪಾಠದ ಪ್ಯಾರಾ ಕಿತ್ತಾಕ್ದೆ. ಸಣ್ಣ ಫ್ಯಾಕ್ಟರಿಲಿ ಅಕೌಂಟ್ಸ್‌ನೋರು ಇಂಗ್ಲಿಷ್ ಮಾತಾಡೋದು ಕಮ್ಮಿ, ಬರೆಯೋದು ಜಾಸ್ತಿ, ಪೇಮೆಂಟ್ ಯಾವಾಗ ಅಂತ ಕಸ್ಟಮರ್‌ಗೆ ಮೇಲು, ಈ ಬಿಲ್ 2ಬಿಲಿ ಬಂದಿಲ್ಲ ಅಂತ ಸಪ್ಲೈಯರ್‌ಗೆ ಮೇಲು. ಅಂಥವನ್ನ ಅವಳ ಕೈಲೇ ಬರೆಸ್ದೆ, ನಾಲ್ಕೈದು ಸಾಲಿನವು, ತಿದ್ದಿ ಮತ್ತೆ ಬರೆಸ್ದೆ. ಮಾತಿಗೆ ಬಂದ್ರೆ, ಸರ್ ಕನ್ನಡದಲ್ಲಿ ಹೇಳ್ಬಹುದಾ ಅಂತ ನೇರವಾಗಿ ಕೇಳ್ಬಿಡು ಅಂದೆ. ಅಕೌಂಟ್ಸ್ ಮಾತೆಲ್ಲಾ ಹೆಂಗಿದ್ರೂ ಅರ್ಧ ಇಂಗ್ಲಿಷೇ, ಲೆಡ್ಜರ್, ಡೆಬಿಟ್ ನೋಟ್, ರೀಕನ್ಸಿಲೇಷನ್ ಅಂತಾನೇ ಹೇಳೋದು ನಾವು, ಅದನ್ನ ಕನ್ನಡದ ವಾಕ್ಯದಲ್ಲಿ ಕೂರಿಸಿ ಧೈರ್ಯವಾಗಿ ಹೇಳಿದ್ರೆ ಕೇಳೋರಿಗೆ ಕೆಲಸ ಗೊತ್ತಿರೋಳು ಅಂತ ತಕ್ಷಣ ತಿಳಿಯುತ್ತೆ.

ಗ್ಯಾಪ್‌ಗೆ ಎರಡೇ ವಾಕ್ಯ ಮಾಡಿದ್ವಿ. ಮಗು ಚಿಕ್ಕದಿತ್ತು ಸರ್ ಮನೇಲಿದ್ದೆ, ಈಗ ಸ್ಕೂಲಿಗೆ ಸೇರಿದಾನೆ, ನೋಡ್ಕೊಳೋಕೆ ಅತ್ತೆ ಇದಾರೆ. ಈ ಟೈಮಲ್ಲಿ ಸಂಘದ ಲೆಕ್ಕ ಬರೀತಿದ್ದೆ, ಟ್ಯಾಲಿ ಪ್ರೈಮು, 2ಬಿ ಎಲ್ಲಾ ಕಲ್ತ್ಕೊಂಡು ಬಂದಿದೀನಿ. ಮುಗೀತು, ಅದರ ಮೇಲೆ ಬಾಯಿ ಮುಚ್ಕೋ ಅಂದೆ. ಸಾರಿ ಅಂತ ಒಂದ್ಸಲಾನೂ ಬರಬಾರದು. ಮಗು ಸಾಕಿದ್ದಕ್ಕೆ ಯಾರ ಹತ್ರಾನೂ ಕ್ಷಮೆ ಕೇಳ್ಬೇಕಾಗಿಲ್ಲ. ಇನ್ನೊಂದು ಮಗು ಪ್ರಶ್ನೆಗೆ, ಸರ್ ಅದು ಮನೆ ವಿಷ್ಯ, ಕೆಲಸಕ್ಕೆ ನಾನು ಪೂರ್ತಿ ರೆಡಿ ಇದೀನಿ ಅಂತ ನಗುಮುಖದಲ್ಲಿ ಹೇಳಿ ನಿಲ್ಸೋದು.

ನನ್ನ ಮುಂದೆ ಚೆನ್ನಾಗೇ ಹೇಳೋಳು, ಅಕ್ಕ ಅನ್ನೋ ಸಲಿಗೆ. ಅದಕ್ಕೇ ನಮ್ಮ ಆಫೀಸಿನ ಒಬ್ರು ಹಿರಿಯರನ್ನ ಕೂರಿಸಿ ಅಣಕು ಇಂಟರ್‌ವ್ಯೂ ಮಾಡ್ಸಿ ಫೋನಲ್ಲಿ ರೆಕಾರ್ಡ್ ಮಾಡ್ದೆ. ಕೇಳಿಸಿದಾಗ ಅವಳೇ ಹಿಡಿದ್ಲು, ಪ್ರತಿ ಉತ್ತರದ ಕೊನೇಲಿ ಅಷ್ಟೇ ಸರ್, ಜಾಸ್ತಿ ಏನಿಲ್ಲ ಅಂತ ಸೇರಿಸ್ತಿದ್ಲು, ಹೇಳಿದ್ದೆಲ್ಲಾ ಸರಿ ಇದ್ರೂ ಕೊನೇ ಮಾತಲ್ಲಿ ತಾನೇ ಅಳಿಸಿ ಹಾಕ್ದಂಗೆ. ಅದು ಬಿಡೋಕೆ ಟೈಮ್ ಹಿಡೀತು. ನಾನು ನೋಡಿರೋ ಎಷ್ಟೋ ಜನ ಹೆಣ್ಮಕ್ಳಲ್ಲಿ ಈ ಅಭ್ಯಾಸ ಇದೆ, ದಯವಿಟ್ಟು ಒಮ್ಮೆ ರೆಕಾರ್ಡ್ ಮಾಡ್ಕೊಂಡು ಕೇಳಿ.

ಕೆಲಸ ಹುಡುಕೋದ್ರಲ್ಲೂ ದಾರಿ ಬದಲಾಯ್ಸಿದ್ವಿ. ಮೊದಲು ಆಪ್‌ಗಳಲ್ಲಿ ಕಂಡಿದ್ದಕ್ಕೆಲ್ಲಾ ಅಪ್ಲೈ ಒತ್ತುತಿದ್ಲು, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಎಲ್ಲಾ, ಸಿಕ್ಕಿದ್ರೂ ಹೋಗೋಕಾಗದ ಜಾಗಗಳು. ಮಗ ಇರೋದ್ರಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ ಒಳಗಿರೋ ಕಡೆ ಮಾತ್ರ ಅಂತ ಗೆರೆ ಹಾಕಿದ್ವಿ, ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸು. ಶಕ್ತಿ ಯೋಜನೆಯಿಂದ ಬಿಎಂಟಿಸಿ ಆರ್ಡಿನರಿ ಬಸ್ಸು ಹೆಂಗೂ ಫ್ರೀ, ಆಧಾರ್ ಹಿಡ್ಕೊಂಡು ಎಷ್ಟು ಸಲ ಬೇಕಾದ್ರೂ ಓಡಾಡ್ಬಹುದು, ಕೈಯಲ್ಲಿ ದುಡಿಮೆ ಇಲ್ಲದ ಹೆಂಗಸಿಗೆ ಇಂಟರ್‌ವ್ಯೂಗೆ ಹೋಗೋಕೆ ಗಂಡನ ಹತ್ರ ಬಸ್ ಚಾರ್ಜ್ ಕೇಳೋದು ತಪ್ಪೋದು ಸಣ್ಣ ಮಾತಲ್ಲ. ಸಣ್ಣ ಯೂನಿಟ್‌ಗಳು ಆಪಲ್ಲಿ ಹಾಕೋದೇ ಕಮ್ಮಿ. ಅವರಿಗೆ ಅಕೌಂಟೆಂಟ್ ಬೇಕಾದ್ರೆ ತಮ್ಮ ಆಡಿಟರ್‌ಗೆ ಹೇಳ್ತಾರೆ, ಟ್ಯಾಲಿ ಸರ್ವೀಸ್ ಹುಡುಗನಿಗೆ ಹೇಳ್ತಾರೆ, ಗೇಟ್ ಮುಂದೆ ಬೋರ್ಡ್ ಹಾಕ್ತಾರೆ. ಅದಕ್ಕೆ ಒಂದು ಪೇಜಿನ ರೆಸ್ಯೂಮ್ ಹಿಡ್ಕೊಂಡು ಆಡಿಟರ್ ಆಫೀಸ್‌ಗಳಿಗೆ ಹೋಗಿ ಕೊಟ್ಟು ಬಂದ್ಲು. ತುಮಕೂರಿಗೂ ಹೋಗಿ ಹಳೇ ಆಡಿಟರ್ ಹತ್ರ ಎಕ್ಸ್‌ಪೀರಿಯೆನ್ಸ್ ಲೆಟರ್ ತಗೊಂಡ್ಲು, ಬಿಟ್ಟು ಬಂದಾಗ ಕೇಳಿರ್ಲಿಲ್ಲ, ಅವರು ಸಂತೋಷವಾಗಿ ಬರ್ಕೊಟ್ರಂತೆ, ಮೈಗ್ರೇಷನ್ ಮಾಡಿದ್ದನ್ನೂ ಸೇರಿಸಿ.

ಸೆಪ್ಟೆಂಬರ್ ಕೊನೇ ವಾರ ಹಂಗೇ ಒಂದು ಆಡಿಟರ್ ಆಫೀಸಿಂದ ಫೋನ್ ಬಂತು, ಪೀಣ್ಯ ಎರಡನೇ ಹಂತದಲ್ಲಿ ಒಂದು ಕಾಂಪೊನೆಂಟ್ಸ್ ಯೂನಿಟ್ಟು, ಇರೋ ಅಕೌಂಟೆಂಟ್ ರಿಟೈರ್ ಆಗ್ತಿದಾರೆ. ಕೂತಿದ್ದು ಓನರು, ಆ ಹಳೇ ಅಕೌಂಟೆಂಟು, ಆಡಿಟರ್ ಕಡೆಯ ಒಬ್ಬ ಹುಡುಗ.

ನಿಮ್ಮ ಬಗ್ಗೆ ಹೇಳಿ ಅಂದ್ರು. ಕನ್ನಡದಲ್ಲಿ ಹೇಳ್ಬಹುದಾ ಸರ್ ಅಂದ್ಲು. ಓನರು ಹೇಳಿ ಮೇಡಂ, ನಾವೂ ಕನ್ನಡದೋರೇ ಅಂದ್ರಂತೆ. ಸ್ವಲ್ಪ ಹೊತ್ತಿಗೆ ಹಳೇ ಅಕೌಂಟೆಂಟು ಮಾತು ನಿಲ್ಸಿ ಎರಡು ಪ್ರಿಂಟ್‌ಔಟ್ ಮುಂದಿಟ್ರು, ಆಗಸ್ಟ್ ತಿಂಗಳ ಪರ್ಚೇಸ್ ರಿಜಿಸ್ಟರ್ ಒಂದು, ಅದೇ ತಿಂಗಳ 2ಬಿ ಇನ್ನೊಂದು, ಎರಡೂ ತಾಳೆ ಆಗ್ತಿಲ್ಲ ನೋಡಮ್ಮ ಅಂತ. ಪೆನ್ಸಿಲ್ ಕೇಳಿ ತಗೊಂಡು ಒಂದೊಂದೇ ಟಿಕ್ ಹಾಕ್ತಾ ಬಂದ್ಲು. ಒಂದು ಬಿಲ್ಲು ಎರಡೂ ಕಡೆ ಇತ್ತು, ಮೊತ್ತ ಒಂದೇ, ನಂಬರ್ ಬೇರೆ, ಸಪ್ಲೈಯರು ವರ್ಷದ ಸಮೇತ ಪೂರ್ತಿ ನಂಬರ್ ಹಾಕಿದ್ರೆ ಇವರ ಟ್ಯಾಲೀಲಿ ಬರೀ ಕೊನೇ ಮೂರು ಅಂಕಿ ಹೊಡ್ದಿದ್ರು. ಇದು ನಮ್ಮ ಎಂಟ್ರಿ ತಿದ್ದಿದ್ರೆ ಸಾಕು ಅಂದ್ಲು. ಇನ್ನೊಂದು ಬಿಲ್ಲು 2ಬಿಲಿ ಇಲ್ವೇ ಇಲ್ಲ, ಆ ಸಪ್ಲೈಯರ್‌ದು ಆಗಸ್ಟಿನ ಒಂದು ಬಿಲ್ಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡಿದ್ಲಂತೆ. ಆಮೇಲೆ, ಸರ್ ಇವರು ಕ್ವಾರ್ಟರ್ಲಿ ಫೈಲ್ ಮಾಡೋರು ಇರ್ಬಹುದು, ಆಗಸ್ಟಿಗೆ ಐಎಫ್‌ಎಫಲ್ಲಿ ಬಿಲ್ ಹಾಕಿಲ್ಲ, ಹಾಗಿದ್ರೆ ಸೆಪ್ಟೆಂಬರ್ 2ಬಿಲಿ ಬರುತ್ತೆ, ಅಲ್ಲೀತನಕ ಕ್ರೆಡಿಟ್ ತಗೊಳಲ್ಲ, ಫೋನ್ ಮಾಡಿ ಕೇಳಿ ಕನ್ಫರ್ಮ್ ಮಾಡ್ಕೊತೀನಿ ಅಂದ್ಲು. ಆಡಿಟರ್ ಕಡೆ ಹುಡುಗ ತಲೆ ಎತ್ತಿ ನೋಡಿದ್ನಂತೆ. ನನಗೆ ಈ ಉತ್ತರದಲ್ಲಿ ತುಂಬಾ ಇಷ್ಟ ಆಗಿದ್ದು ಇರ್ಬಹುದು ಮತ್ತೆ ಕೇಳಿ ಕನ್ಫರ್ಮ್ ಮಾಡ್ಕೊತೀನಿ ಅನ್ನೋದು. ಅಕೌಂಟ್ಸ್‌ನಲ್ಲಿ ಎಲ್ಲಾ ಗೊತ್ತು ಅನ್ನೋರಿಗಿಂತ ಹೀಗೆ ಹೇಳೋರನ್ನೇ ನಾನು ಸೇರಿಸ್ಕೊಳೋದು.

45 ದಿನದ ಪ್ರಶ್ನೆ ಬಂತು, ಹೇಳಿದ್ಲು, ಮೈಕ್ರೋ, ಸ್ಮಾಲ್ ಅಂತ ತೋರ್ಸೋ ಉದ್ಯಮ್ ಸರ್ಟಿಫಿಕೇಟ್ ಇರೋ ಸಪ್ಲೈಯರ್‌ಗಳ ಪಟ್ಟಿ ಮೊದಲು ಮಾಡ್ಕೋಬೇಕು ಅಂತಾನೂ ಸೇರಿಸಿದ್ಲು. ಗ್ಯಾಪ್ ಬಗ್ಗೆ ಕೇಳಿದ್ರು, ಎರಡು ವಾಕ್ಯ. ಆದ್ರೆ ಓನರ್‌ಗೆ ಹಿಡಿಸಿದ್ದು ಸಂಘದ ಲೆಕ್ಕ. ಕಂತು ಕಟ್ಟದೇ ಇರೋರ ಹತ್ರ ಹೆಂಗ್ ವಸೂಲಿ ಮಾಡ್ತಿದ್ರಿ ಅಂತ ಕೇಳಿದ್ರು, ಯಾಕಂದ್ರೆ ಅವರದ್ದೇ ಕಸ್ಟಮರ್ ಬಾಕಿ ಸಿಕ್ಕಾಪಟ್ಟೆ ನಿಂತಿತ್ತು. ಇವಳು, ಡ್ಯೂ ಆದ್ಮೇಲೆ ಕೇಳೋಕೆ ಹೋಗಲ್ಲ ಸರ್, ಎರಡು ದಿನ ಮುಂಚೇನೇ ನೆನಪು ಮಾಡ್ತೀನಿ, ಪೂರ್ತಿ ಆಗಲ್ಲ ಅಂದ್ರೆ ಎಷ್ಟಾಗುತ್ತೆ ಯಾವತ್ತು ಅಂತ ಅವರ ಬಾಯಲ್ಲೇ ಹೇಳಿಸಿ ಪುಸ್ತಕದಲ್ಲಿ ಬರ್ಕೊಂಡು ಸೈನ್ ಹಾಕಿಸ್ಕೊತೀನಿ ಅಂದ್ಲು. ನಾವು ತಯಾರಿ ಮಾಡಿದ್ದರಲ್ಲಿ ಈ ಉತ್ತರ ಇರ್ಲೇ ಇಲ್ಲ. ಅವಳ ಸ್ವಂತದ್ದು.

ಸಂಬಳದ ಮಾತು ಎರಡು ದಿನ ಆದ್ಮೇಲೆ ಫೋನಲ್ಲಿ. 20 ಕೊಡ್ತೀವಿ ಅಂದ್ರು. ಮುಂಚಿನವಳಾಗಿದ್ರೆ ಸರಿ ಸರ್ ಅಂತಿದ್ಲು. ಗ್ರಾಸ್ಸಾ ಸಿಟಿಸಿನಾ ಸರ್ ಅಂತ ಕೇಳಿದ್ಲು. ಗ್ರಾಸ್ ಅಂದ್ರೆ ಅವಳ ಕಡಿತಕ್ಕೆ ಮುಂಚಿನ ಸಂಬಳ, ಸಿಟಿಸಿ ಅಂದ್ರೆ ಕಂಪನಿ ಕಟ್ಟೋ ಪಿಎಫ್‌ನ 12 ಪರ್ಸೆಂಟು, ಇಎಸ್‌ಐ ಅನ್ನೋ ಆಸ್ಪತ್ರೆ ವಿಮೆಯ 3.25 ಪರ್ಸೆಂಟು ಎಲ್ಲಾ ಆ 20ರೊಳಗೇ ಹೋಗುತ್ತೆ, ಕೈಗೆ ಬರೋದು ಇನ್ನೂ ಕಮ್ಮಿ. 22 ಕೇಳಿದ್ಲು, ಗ್ರಾಸ್ 20,000ಕ್ಕೆ ನಿಂತ್ರು, ಆರು ತಿಂಗಳಿಗೆ ರಿವ್ಯೂ ಅಂತ ಆಫರ್ ಲೆಟರಲ್ಲೇ ಬರೆಸ್ಕೊಂಡ್ಲು. ಬೇಸಿಕ್ 14,000 ಇತ್ತು, ಅವಳ ಪಾಲಿನ ಪಿಎಫ್ 1,680, ಇಎಸ್‌ಐ 0.75 ಪರ್ಸೆಂಟ್ ಅಂದ್ರೆ 150, ವೃತ್ತಿ ತೆರಿಗೆ 25,000ದ ಒಳಗಿರೋರಿಗೆ ಇಲ್ಲ, ಕೈಗೆ 18,170. ಈ ಲೆಕ್ಕ ಅವಳೇ ಹಾಕಿ ನನಗೆ ವಾಟ್ಸಾಪ್ ಮಾಡಿದ್ಲು. ಅಕ್ಟೋಬರ್ 1ಕ್ಕೆ ಸೇರಿದ್ಲು.

ಸುಲಭ ಇರ್ಲಿಲ್ಲ. ಮೊದಲ ತಿಂಗಳು 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟೋ ರಿಟರ್ನ್ 3ಬಿ ಅಂತ ರಾತ್ರಿ ಎಂಟರ ತನಕ ಕೂತು ಅತ್ತಿದ್ದೂ ಇದೆ, ಮಗನಿಗೆ ಜ್ವರ ಬಂದ ದಿನ ಬಿಟ್ಬಿಡ್ತೀನಿ ಅಂದಿದ್ದೂ ಇದೆ. ಹಳೇ ಅಕೌಂಟೆಂಟು ಎರಡು ತಿಂಗಳು ಜೊತೆಗಿದ್ದು ಹೇಳ್ಕೊಟ್ರು, ಆ ಮನುಷ್ಯನಿಗೆ ಕೈಮುಗೀಬೇಕು.

2025ರ ಏಪ್ರಿಲ್‌ಗೆ ರಿವ್ಯೂ ಬಂತು. ಓನರು 1,500 ಜಾಸ್ತಿ ಮಾಡ್ತೀನಿ ಅಂದ್ರು. ಇವಳು ಒಂದು ದಿನ ಟೈಮ್ ತಗೊಂಡು ಹೋಗಿ ಹೇಳಿದ್ಲು, ಸರ್ 21,500 ಆದ್ರೆ ಇಎಸ್‌ಐ ಮಿತಿ 21,000 ದಾಟುತ್ತೆ, ನಂದು ಮಗಂದು ಆಸ್ಪತ್ರೆ ಖರ್ಚು ನಾನೇ ನೋಡ್ಕೋಬೇಕಾಗುತ್ತೆ, 1,500ಕ್ಕೆ ಅದು ನನಗೆ ನಷ್ಟ. 3,000 ಮಾಡಿ, ಇಲ್ಲಾಂದ್ರೆ 1,000 ಮಾಡಿ ಶನಿವಾರ ಮಧ್ಯಾಹ್ನ ಎರಡಕ್ಕೆ ಬಿಡಿ. ಓನರು ಎರಡನೇದಕ್ಕೆ ಒಪ್ಪಿದ್ರು, ಈಗ ಶನಿವಾರ ಎರಡೂವರೆಗೆಲ್ಲಾ ಮನೇಲಿರ್ತಾಳೆ.